ನೀಲಿ ಟೋಪಿ ಹಾಕಿದ ಸೈನಿಕ ಗುಂಡು ಹಾರಿಸಬಹುದಾ?

ಪ್ರಶ್ನೆ: ನಮ್ಮ ಅಕ್ಕನ ಮಗ ಸೈನ್ಯದಲ್ಲಿದ್ದಾನೆ. ವಿಶ್ವಸಂಸ್ಥೆಯ ನೀಲಿ ಟೋಪಿಯ ಶಾಂತಿಪಡೆಗೆ ಅಂತ ದಕ್ಷಿಣ ಸುಡಾನ್‌ಗೆ ಪೋಸ್ಟಿಂಗ್ ಆಗಿದೆ. ಅಲ್ಲಿನ ಗಲಾಟೆಯ ಸುದ್ದಿ ನೋಡಿ ಅಕ್ಕ ಸರಿಯಾಗಿ ಊಟ ಮಾಡುತ್ತಿಲ್ಲ. ಇಷ್ಟು ವರ್ಷಗಳಿಂದ ಶಾಂತಿಪಡೆ ಅಲ್ಲಿದ್ದರೂ ಯುದ್ಧ ಯಾಕೆ ನಿಲ್ಲುತ್ತಿಲ್ಲ? ಇವರು ಗುಂಡು ಹಾರಿಸಬಹುದಾ, ಇಲ್ಲ ಸುಮ್ನೆ ನೋಡುತ್ತಾ ನಿಲ್ಲಬೇಕಾ? ಸಂಬಳ ಯಾರು ಕೊಡುತ್ತಾರೆ?
– ಮಡಿಕೇರಿಯ ಓದುಗರೊಬ್ಬರು

ಉತ್ತರ: ಗುಂಡು ಹಾರಿಸಬಹುದು. ಜನರ ಜೀವಕ್ಕೆ ಅಪಾಯ ಬಂದಾಗ ಹಾರಿಸಲೇಬೇಕಾಗಬಹುದು. ಆದರೆ ಯಾರ ಪರವಾಗಿಯೂ ಯುದ್ಧ ಮಾಡುವ ಹಾಗಿಲ್ಲ. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನ ಕಥೆ ಗೊತ್ತಿರಬೇಕು.

ದಕ್ಷಿಣ ಸುಡಾನ್ 2011ರ ಜುಲೈ 9ರಂದು ಸ್ವತಂತ್ರವಾಯಿತು. ಅದರ ಹಿಂದಿನ ದಿನವೇ ಭದ್ರತಾ ಮಂಡಳಿ ಈ ಪಡೆಗೆ ಒಪ್ಪಿಗೆ ಕೊಟ್ಟಿತ್ತು. ‘ಅನ್‌ಮಿಸ್’ ಅಂತ ಅದರ ಹೆಸರು. ಹೊಸ ಸರ್ಕಾರ ಕಾಲೂರಿ ನಿಲ್ಲಲು ನೆರವಾಗುವುದು ಆಗಿನ ಕೆಲಸ. ಎರಡೂವರೆ ವರ್ಷದೊಳಗೆ ಎಲ್ಲ ತಲೆಕೆಳಗಾಯಿತು. 2013ರ ಡಿಸೆಂಬರ್ 15ರ ರಾತ್ರಿ ರಾಜಧಾನಿ ಜುಬಾದಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಆ ವರ್ಷವಷ್ಟೇ ಉಪಾಧ್ಯಕ್ಷ ಸ್ಥಾನ ಕಳೆದುಕೊಂಡಿದ್ದ ರಿಯಕ್ ಮಚಾರ್ ಕಡೆಯ ಸೈನಿಕರು ಬಡಿದಾಡಿಕೊಂಡರು. ಬೇಗನೆ ಅದು ಕೀರ್ ಅವರ ಡಿಂಕಾ, ಮಚಾರ್ ಅವರ ನುಯೆರ್ ಜನಾಂಗಗಳ ಜಗಳವಾಗಿ ಊರೂರಿಗೆ ಹಬ್ಬಿತು.

ಜನ ಮಕ್ಕಳನ್ನು ಎತ್ತಿಕೊಂಡು ವಿಶ್ವಸಂಸ್ಥೆ ಕ್ಯಾಂಪುಗಳ ಗೇಟಿಗೆ ಓಡಿಬಂದರು. ಪಡೆಯವರು ಗೇಟು ತೆಗೆದರು. ಅಷ್ಟು ಜನರನ್ನು ಇಟ್ಟುಕೊಳ್ಳಲು ಕಟ್ಟಿದ ಜಾಗಗಳಲ್ಲ ಅವು. ನೀರಿಲ್ಲ, ಶೌಚಾಲಯ ಸಾಲದು. ಆದರೂ ತೆಗೆದರು. ಮುಂದೆ ಅಲ್ಲಿ ಆಶ್ರಯ ಪಡೆದವರ ಸಂಖ್ಯೆ 2 ಲಕ್ಷ ದಾಟಿತು, ವರ್ಷಗಟ್ಟಲೆ ಅಲ್ಲೇ ಉಳಿದರು. ನನ್ನ ಪ್ರಕಾರ ಈ ಪಡೆ ಮಾಡಿದ ಅತಿ ದೊಡ್ಡ ಕೆಲಸ ಅದೇ. 2014ರ ಮೇ ತಿಂಗಳಲ್ಲಿ ಭದ್ರತಾ ಮಂಡಳಿ ಜನರ ರಕ್ಷಣೆಯೇ ಮೊದಲ ಕೆಲಸ ಅಂತ ಆದೇಶ ಬದಲಿಸಿತು.

ಅದಕ್ಕೆ ಬೆಲೆ ತೆತ್ತವರಲ್ಲಿ ನಮ್ಮವರೂ ಇದ್ದಾರೆ. 2013ರ ಏಪ್ರಿಲ್‌ನಲ್ಲೇ ಜೊಂಗ್ಲೇ ರಾಜ್ಯದಲ್ಲಿ ಹೊಂಚುಹಾಕಿ ನಡೆಸಿದ ದಾಳಿಗೆ ಐವರು ಭಾರತೀಯ ಯೋಧರು ಬಲಿಯಾಗಿದ್ದರು. ಡಿಸೆಂಬರ್ 19ರಂದು ಅಕೋಬೋದ ಸಣ್ಣ ಕ್ಯಾಂಪಿಗೆ ಸಾವಿರಾರು ಮಂದಿ ಶಸ್ತ್ರ ಹಿಡಿದು ನುಗ್ಗಿದರು. ಒಳಗೆ ಆಶ್ರಯ ಪಡೆದಿದ್ದವರನ್ನು ಕೊಂದರು. ಅವತ್ತು ಇಬ್ಬರು ಭಾರತೀಯರು ಪ್ರಾಣ ಬಿಟ್ಟರು. ಇದನ್ನು ಅಕ್ಕನಿಗೆ ಹೇಳುವುದೋ ಬೇಡವೋ ನೀವೇ ನೋಡಿ. ನಿಮ್ಮಿಂದ ಮುಚ್ಚಿಡುವುದು ನನಗೆ ಸರಿ ಅನ್ನಿಸಲಿಲ್ಲ.

ಸೋತದ್ದೂ ಇದೆ. 2016ರ ಫೆಬ್ರವರಿಯಲ್ಲಿ ಮಲಕಾಲ್ ಕ್ಯಾಂಪಿನೊಳಗೆ ದಾಳಿಯಾದಾಗ ಪಡೆಯ ಕೆಲವರು ಕಾವಲಿನ ಜಾಗ ಬಿಟ್ಟಿದ್ದರು ಅಂತ ವಿಚಾರಣೆಯಲ್ಲಿ ಗೊತ್ತಾಯಿತು. ಅದೇ ವರ್ಷ ಜುಲೈನಲ್ಲಿ ಜುಬಾದ ಹಿಂಸಾಚಾರದ ಹೊತ್ತಿಗೆ ಸಹಾಯಕ್ಕೆ ಕರೆದರೂ ಪಡೆ ಹೋಗಲಿಲ್ಲ. ಆಮೇಲೆ ಪಡೆಯ ಸೇನಾ ಮುಖ್ಯಸ್ಥರನ್ನೇ ಹುದ್ದೆಯಿಂದ ತೆಗೆದರು.

ಯುದ್ಧ ಯಾಕೆ ನಿಲ್ಲುತ್ತಿಲ್ಲ ಅಂದರೆ, ಅದನ್ನು ನಿಲ್ಲಿಸಬೇಕಾದವರು ಬಂದೂಕು ಹಿಡಿಸಿದ ನಾಯಕರು. 2018ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು, ಚುನಾವಣೆಯನ್ನು ಮುಂದೂಡುತ್ತಲೇ ಬಂದರು. 2025ರ ಮಾರ್ಚ್‌ನಲ್ಲಿ ಮಚಾರ್ ಅವರನ್ನು ಗೃಹಬಂಧನದಲ್ಲಿಟ್ಟರು. ಪಡೆ ಅಲ್ಲಿರುವುದೂ ಅದೇ ಸರ್ಕಾರದ ಒಪ್ಪಿಗೆಯಿಂದ. ಓಡಾಡಲು ತಡೆಯಿಲ್ಲ ಅಂತ ಕಾಗದದಲ್ಲಿದೆ, ಆದರೆ ಚೆಕ್‌ಪೋಸ್ಟಿನಲ್ಲಿ ಸ್ಥಳೀಯ ಸೈನಿಕರು ಗಾಡಿ ನಿಲ್ಲಿಸಿದರೆ ಗಂಟೆಗಟ್ಟಲೆ ಕಾಯಬೇಕು. ದೇಶವೋ ಕರ್ನಾಟಕದ ಮೂರು ಪಟ್ಟಿಗಿಂತ ಜಾಸ್ತಿ. 2025ರಲ್ಲಿ ಸೈನಿಕರ ಮಿತಿ 17,000 ಇತ್ತು. ನೆಲ ನಮ್ಮ ಗದಗ, ವಿಜಯಪುರದ ಕಡೆಯ ಎರೆಮಣ್ಣಿನ ಹಾಗೆ. ಮಳೆ ಹಿಡಿದರೆ ಚಕ್ರ ಅಚ್ಚಿನವರೆಗೂ ಹೂತುಕೊಳ್ಳುತ್ತದೆ, ಆಮೇಲೆ ಹೆಲಿಕಾಪ್ಟರೇ ಗತಿ.

ಹಾಗಂತ ದಿನಾ ಗುಂಡಿನ ನಡುವೆಯೇ ಇರುತ್ತಾರೆ ಅಂದುಕೊಳ್ಳಬೇಡಿ. ಜಾಸ್ತಿ ದಿನ ಗಸ್ತು, ಕಾವಲು, ರಸ್ತೆ ರಿಪೇರಿ. ನನಗೆ ತುಂಬಾ ಇಷ್ಟವಾದ ಕೆಲಸ ಭಾರತೀಯ ಪಶುವೈದ್ಯರದ್ದು. ಅಲ್ಲಿ ದನವೇ ಬ್ಯಾಂಕು, ಹೆಣ್ಣಿನ ಮನೆಗೆ ದನ ಕೊಟ್ಟೇ ಮದುವೆ. ದನ ಹೊಡೆದುಕೊಂಡು ಹೋಗಿದ್ದಕ್ಕೇ ಊರುಗಳ ನಡುವೆ ಕೊಲೆಗಳಾಗುತ್ತವೆ. ಉದ್ದ ಕೊಂಬಿನ ಹಸುವನ್ನು ಮೂರು ಜನ ಹಿಡಿದುಕೊಂಡಿರುವಾಗ ನಮ್ಮ ಸೇನೆಯ ಡಾಕ್ಟರು ಅದಕ್ಕೆ ಲಸಿಕೆ ಹಾಕಿದರೆ, ಆ ಊರಿನ ಹಿರಿಯರು ಅವರ ಮಾತನ್ನು ಕೂತು ಕೇಳುತ್ತಾರೆ. ಗಲಾಟೆಯ ಸುಳಿವು ಮೊದಲು ಸಿಗುವುದೂ ಇಂಥ ಕಡೆಯೇ.

ಸಂಬಳ ಎಂದಿನಂತೆ ನಮ್ಮ ಸರ್ಕಾರದ್ದೇ. ವಿಶ್ವಸಂಸ್ಥೆ ಒಬ್ಬ ಸೈನಿಕನಿಗೆ ತಿಂಗಳಿಗೆ ಇಷ್ಟು ಅಂತ ಸರ್ಕಾರಕ್ಕೆ ಹಣ ಕೊಡುತ್ತದೆ. 2018ರಲ್ಲಿ ಅದು 1,428 ಡಾಲರ್ ಇತ್ತು, ಆಮೇಲೆ ಸ್ವಲ್ಪ ಏರಿತು. ಆದರೆ ಸದಸ್ಯ ದೇಶಗಳು ಬಾಕಿ ಉಳಿಸಿಕೊಂಡು 2025ರಲ್ಲಿ ಶಾಂತಿಪಡೆಗಳನ್ನೇ ಕಡಿತ ಮಾಡಬೇಕಾಯಿತು. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಸೈನಿಕರು ಹಿಂದಕ್ಕೆ ಹೋದರೆ ಆ ಗೇಟಿನಲ್ಲಿ ನಿಲ್ಲುವವರು ಯಾರು?

ನಿಮ್ಮ ಮಡಿಕೇರಿಯವರೇ ಆದ ಜನರಲ್ ತಿಮ್ಮಯ್ಯ 1964ರಲ್ಲಿ ಸೈಪ್ರಸ್‌ನ ಶಾಂತಿಪಡೆಯನ್ನು ಮುನ್ನಡೆಸಲು ಹೋಗಿದ್ದರು. ದಕ್ಷಿಣ ಸುಡಾನ್‌ನಲ್ಲೂ 2019ರಿಂದ ಶೈಲೇಶ್ ತಿನಾಯ್ಕರ್, 2022ರಿಂದ ಮೋಹನ್ ಸುಬ್ರಮಣಿಯನ್ ಸೇನಾ ಮುಖ್ಯಸ್ಥರಾಗಿದ್ದರು. ಹುಡುಗ ಹೋಗುತ್ತಿರುವುದು ನಮ್ಮವರು ನಡೆದ ದಾರಿಯಲ್ಲೇ.

ಪೋಸ್ಟಿಂಗ್ ಸಾಮಾನ್ಯವಾಗಿ ಒಂದು ವರ್ಷ. ಅಲ್ಲಿ ಮಲೇರಿಯಾ ಕಾಟ ಜಾಸ್ತಿ. ಮಾತ್ರೆ ತಪ್ಪಿಸಬೇಡ, ಸೊಳ್ಳೆಪರದೆ ಬಿಟ್ಟು ಮಲಗಬೇಡ ಅಂತ ಹೇಳಿ ಕಳಿಸಿ. ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಅವನು ರಾತ್ರಿ ಎಂಟಕ್ಕೆ ಊಟ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಹನ್ನೊಂದೂವರೆ ಆಗಿರುತ್ತದೆ. ಫೋನನ್ನು ಸೈಲೆಂಟ್‌ನಲ್ಲಿಟ್ಟು ಮಲಗಬೇಡಿ ಅಂತ ಅಕ್ಕನಿಗೆ ಹೇಳಿ.