ಕನ್ನಡಿ ಮುಂದೆ: ಹಚ್ಚಿದ್ದು ಹಚ್ಚಿದ ಹಾಗೆ ಕಾಣ್ತಿದೆ, ಏನ್ಮಾಡ್ಲಿ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇವೆ. ಮೇಕಪ್ ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡ್ತೀನಿ, ಪ್ರಾಡಕ್ಟೂ ಅದೇ, ಆದ್ರೂ ಆ ಫಿನಿಶ್ ಬರಲ್ಲ ಅಂತ. ಎಲ್ಲರಿಗೂ ಸೇರಿಸಿ ಒಂದೇ ಮಾತು ಹೇಳ್ಬಿಡಬಹುದಿತ್ತು, ಹಚ್ಚೋದು ಕಮ್ಮಿ ಮಾಡಿ ಕಾಯೋದು ಜಾಸ್ತಿ ಮಾಡಿ ಅಂತ, ಆದ್ರೆ ಅಷ್ಟಕ್ಕೇ ಮುಗಿಸಿದ್ರೆ ನೀವು ನನ್ನ ಬಿಡಲ್ಲ, ಹಾಗಾಗಿ ಒಂದೊಂದಾಗಿ ನೋಡೋಣ.

ಪ್ರಶ್ನೆ: ಫೌಂಡೇಶನ್ ಹಚ್ಚಿ ಎರಡು ಗಂಟೆ ಆಗೋಷ್ಟ್ರಲ್ಲಿ ಮೂಗಿನ ಪಕ್ಕ, ಗಲ್ಲದ ಮೇಲೆ ಒಡೆದ ಹಾಗೆ ಆಗುತ್ತೆ. ಕೆಲವು ದಿನ ಹಚ್ಚೋವಾಗ್ಲೇ ಎರೇಸರ್ ಉಜ್ಜಿದಾಗ ಬರೋ ಹುಡಿ ಥರ ಉದುರುತ್ತೆ. ಬ್ರ್ಯಾಂಡ್ ಬದಲಾಯಿಸ್ಲಾ?

ಸದ್ಯಕ್ಕೆ ಬೇಡ. ಆ ಹುಡಿ ಬರೋದು ಬಹುತೇಕ ಫೌಂಡೇಶನ್ ತಪ್ಪಿಂದಲ್ಲ, ಕೆಳಗಡೆ ಹಚ್ಚಿರೋ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಪ್ರೈಮರ್ (ಫೌಂಡೇಶನ್‌ಗೆ ಮುಂಚೆ ಹಚ್ಚೋ ಪದರ) ಇನ್ನೂ ಕೂತೇ ಇರಲ್ಲ, ಅದರ ಮೇಲೆ ಇನ್ನೊಂದು ಪದರ ಎಳೆದ್ರೆ ಎರಡೂ ಸೇರ್ಕೊಂಡು ಉಂಡೆ ಕಟ್ಟುತ್ತೆ. ಸನ್‌ಸ್ಕ್ರೀನ್ ಹಚ್ಚಿದ್ಮೇಲೆ ಒಂದು 10-15 ನಿಮಿಷ ಬಿಡಿ, ಅಷ್ಟರಲ್ಲಿ ತಲೆ ಬಾಚ್ಕೊಳ್ಳಿ, ಬಟ್ಟೆ ಹಾಕ್ಕೊಳ್ಳಿ, ಏನಾದ್ರೂ ಮಾಡ್ಕೊಳ್ಳಿ. ಎರಡನೇ ಕಾರಣ, ಪ್ರೈಮರ್ ಸಿಲಿಕೋನ್ ತುಂಬಿರೋದು, ಫೌಂಡೇಶನ್ ತೆಳ್ಳಗೆ ನೀರಿನ ಬೇಸಿಂದು ಆಗಿದ್ರೆ ಕೆಲವು ಸಲ ಹೊಂದ್ಕೊಳ್ಳಲ್ಲ. ಡಬ್ಬಿ ಹಿಂದಿನ ಪಟ್ಟಿ ನೋಡಿ, ಮೊದಲ ನಾಲ್ಕೈದು ಹೆಸರಲ್ಲೇ ಡೈಮೆಥಿಕೋನ್ ಅಥವಾ 'ಸಿಲೋಕ್ಸೇನ್' ಅಂತ ಕೊನೆಯಾಗೋ ಪದ ಇದ್ರೆ ಅದು ಸಿಲಿಕೋನ್ ಜಾತಿ. ಎರಡನ್ನೂ ಕೈ ಹಿಂಭಾಗದಲ್ಲಿ ಸ್ವಲ್ಪ ಕಲಸಿ ನೋಡಿದ್ರೆ ಗೊತ್ತಾಗ್ಬಿಡುತ್ತೆ, ನಯವಾಗಿ ಸೇರ್ಕೊಂಡ್ರೆ ಸರಿ, ಒಡೆದ ಹಾಲಿನ ಥರ ಬಿಟ್ಕೊಂಡ್ರೆ ಆ ಜೋಡಿ ಬೇಡ.

ಇನ್ನು ಒಡೆಯೋದು. ಎಷ್ಟು ಹಚ್ತೀರಿ ಅಂತ ನೀವು ಬರೆದಿಲ್ಲ, ಆದ್ರೆ ನನ್ನ ಅಂದಾಜು ಎರಡು ಪಂಪ್, ಕೆನ್ನೆಯಿಂದ ಶುರು. ಒಂದು ಪಂಪ್‌ಗೂ ಕಮ್ಮಿ ತಗೊಳ್ಳಿ, ಮೂಗಿನ ಅಕ್ಕಪಕ್ಕ, ಬಾಯಿ ಸುತ್ತ, ಹಣೆ ನಡುವೆ ಇಟ್ಟು ಹೊರಗಡೆಗೆ ತೆಳುವಾಗಿಸ್ತಾ ಹೋಗಿ, ಕಿವಿ ಹತ್ರ ಮುಟ್ಟೋಷ್ಟ್ರಲ್ಲಿ ಏನೂ ಉಳಿದಿರಬಾರದು. ಬಣ್ಣ ಹೆಚ್ಚುಕಮ್ಮಿ ಇರೋದು ಸಾಮಾನ್ಯವಾಗಿ ಮುಖದ ನಡುಭಾಗದಲ್ಲೇ, ಅಂಚಿನ ಚರ್ಮಕ್ಕೆ ಮುಚ್ಚೋ ಅಂಥದ್ದೇನೂ ಇರಲ್ಲ, ಅಂಚು ಬರಿ ಚರ್ಮವಾಗಿ ಉಳಿದ್ರೇನೇ ನೋಡಿದವರು ಪೂರ್ತಿ ಮುಖಾನೇ ಹಾಗಿದೆ ಅಂದ್ಕೊಳ್ತಾರೆ. ಸ್ಪಂಜ್ ಒಣದ್ದು ಉಪಯೋಗಿಸ್ಬೇಡಿ. ನೀರಲ್ಲಿ ಅದ್ದಿ ಉಬ್ಬಿದ ಮೇಲೆ ಟವೆಲ್ ಒಳಗಿಟ್ಟು ಚೆನ್ನಾಗಿ ಹಿಂಡಿ, ನೀರು ಆಗ್ಲೇ ಕುಡಿದಿರೋದ್ರಿಂದ ಅದು ಫೌಂಡೇಶನ್ ಕುಡಿಯೋದು ಕಮ್ಮಿಯಾಗುತ್ತೆ. ಆಮೇಲೆ ತಟ್ಟಿ, ಎಳೀಬೇಡಿ. ಎಳೆದ್ರೆ ಕೆಳಗಿನ ಪದರಾನೂ ಜೊತೆಗೆ ಬರುತ್ತೆ. ಅಂದಹಾಗೆ ಈ ಮೊಟ್ಟೆ ಆಕಾರದ ಸ್ಪಂಜ್ ಬಂದಿದ್ದೇ 2000ರ ದಶಕದ ಶುರುವಿನಲ್ಲಿ, ಟಿವಿ ಕ್ಯಾಮೆರಾಗಳು ಎಚ್‌ಡಿ ಆಗ್ತಿದ್ದಾಗ ರೀ ಆನ್ ಸಿಲ್ವಾ ಅನ್ನೋ ಮೇಕಪ್ ಆರ್ಟಿಸ್ಟ್ ಸೆಟ್‌ನಲ್ಲಿ ಮಾಮೂಲಿ ಸ್ಪಂಜ್‌ನ ಮೂಲೆ ಕತ್ತರಿಸಿ ದುಂಡಗೆ ಮಾಡ್ಕೊಂಡಿದ್ದು, ಮೂಲೆ ಇದ್ರೆ ಗೆರೆ ಬೀಳುತ್ತೆ ಅಂತ.

ಪ್ರಶ್ನೆ: ನಂದು ಗಾಢ ಗೋಧಿ ಬಣ್ಣ. ಮನೇಲಿ ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತೆ, ಹೊರಗೆ ಬಂದ್ರೆ ಮುಖ ಬೂದು ಬಳ್ಕೊಂಡ ಹಾಗೆ, ಕತ್ತು ಬೇರೆ ಯಾರದ್ದೋ ಅನ್ನೋ ಹಾಗೆ. ಫೋಟೋದಲ್ಲಂತೂ ಕೇಳ್ಬೇಡಿ.

ಕೇಳಲ್ಲ, ನಂಗೊತ್ತು. ಇಲ್ಲಿ ಮೂರು ಬೇರೆ ಬೇರೆ ತಪ್ಪು ಒಟ್ಟಿಗೆ ಸೇರ್ಕೊಂಡಿರಬಹುದು.

ಮೊದಲನೇದು ಶೇಡ್. ಒಂದು ಶೇಡ್ ತಿಳಿ ತಗೊಂಡ್ರೆ 'ಬ್ರೈಟ್' ಕಾಣುತ್ತೆ ಅನ್ನೋ ಸಲಹೆ ಯಾರು ಕೊಟ್ರೋ, ಅವ್ರ ಮಾತು ಮರೆತುಬಿಡಿ, ಬೂದು ಬರೋದೇ ಅದರಿಂದ. ಗಾಢ ಚರ್ಮದ ಮೇಲೆ ತಿಳಿಯಾದ, ಅದ್ರಲ್ಲೂ ಗುಲಾಬಿ ಛಾಯೆ ಇರೋ ಫೌಂಡೇಶನ್ ಬಿದ್ರೆ ಕೆಳಗಿನ ಹಳದಿ-ಕೆಂಪು ಸತ್ತುಹೋಗಿ ಬೂದಿ ಉಳಿಯುತ್ತೆ. ಅಂಡರ್‌ಟೋನ್ ಅನ್ನೋದು ಅದನ್ನೇ. ಚರ್ಮ ಎಷ್ಟು ಗಾಢ ಅನ್ನೋದು ಬೇರೆ, ಒಳಗಿನ ಛಾಯೆ ಹಳದಿ ಕಡೆಗಾ, ಕೆಂಪು ಕಡೆಗಾ, ಆಲಿವ್ ಹಸಿರು ಕಡೆಗಾ ಅನ್ನೋದು ಬೇರೆ. ಮೊದಲು ಎಷ್ಟೋ ಕಂಪನಿಗಳು ತಿಳಿ ಬಣ್ಣಕ್ಕೆ ಹತ್ತಾರು ಶೇಡ್ ಮಾಡಿ ಗಾಢ ಬಣ್ಣಕ್ಕೆ ಎರಡೋ ಮೂರೋ ಇಟ್ಟು ಕೈ ತೊಳ್ಕೊಳ್ತಿದ್ವು, 2017ರಲ್ಲಿ ಗಾಯಕಿ ರಿಹಾನಾ ಶುರು ಮಾಡಿದ ಫೆಂಟಿ ಬ್ಯೂಟಿ ಮೊದಲ ದಿನವೇ 40 ಶೇಡ್ ಇಟ್ಟ ಮೇಲೆ ಉಳಿದವರಿಗೂ ಸ್ವಲ್ಪ ನಾಚಿಕೆ ಬಂತು ಅನ್ನಿ. ಈಗ ನಿಮ್ಮ ಶೇಡ್ ಸಿಗದೇ ಇರೋ ಚಾನ್ಸ್ ಕಮ್ಮಿ, ಹುಡುಕ್ಬೇಕು ಅಷ್ಟೆ. ಕೈ ಮೇಲೆ ನೋಡ್ಬೇಡಿ, ಕೈ ಬಣ್ಣ ಮುಖದ್ದಲ್ಲ. ದವಡೆ ಮೇಲೆ ಮೂರು ಶೇಡ್ ಪಕ್ಕಪಕ್ಕ ಗೆರೆ ಎಳೆದು, ಕತ್ತಿನವರೆಗೂ ಸ್ವಲ್ಪ ಇಳಿಸಿ, ಕಿಟಕಿ ಹತ್ರ ಹಗಲು ಬೆಳಕಲ್ಲಿ ನೋಡಿ. ಯಾವ್ದು ಮಾಯ ಆಗುತ್ತೋ ಅದು ನಿಮ್ದು. ಕೂಡ್ಲೇ ತೀರ್ಮಾನ ಬೇಡ, ಕೆಲವು ಫೌಂಡೇಶನ್ ಗಾಳಿಗೆ, ಚರ್ಮದ ಎಣ್ಣೆಗೆ ಸಿಕ್ಕಿ ಅರ್ಧ ಗಂಟೇಲಿ ಅರ್ಧ ಶೇಡ್ ಗಾಢ ಆಗುತ್ತೆ.

ಎರಡನೇದು ಬೆಳಕು. ಹಳದಿ ಬಲ್ಬ್ ಕೆಳಗೆ ಮೇಕಪ್ ಮಾಡ್ಕೊಂಡ್ರೆ ಬಲ್ಬೇ ಮುಖಕ್ಕೆ ಹಳದಿ ಕೊಟ್ಟಿರುತ್ತೆ, ಬೂದು ಕಾಣೋದೇ ಇಲ್ಲ. ತಲೆ ಮೇಲಿನ ಲೈಟ್ ಇನ್ನೂ ಕೆಟ್ಟದ್ದು, ಕಣ್ಣ ಕೆಳಗೆ ನೆರಳು ಹಾಕುತ್ತೆ, ನೀವು ಇಲ್ಲದ ಕಪ್ಪಿಗೆ ಕನ್ಸೀಲರ್ (ಕಲೆ, ಕಪ್ಪು ಮುಚ್ಚೋ ಕ್ರೀಮ್) ಬಳೀತೀರ. ಬೆಳಕು ಎದುರಿಂದ ಬರ್ಬೇಕು, ಅಂದ್ರೆ ಕಿಟಕಿಗೆ ಮುಖ ಮಾಡಿ ಕೂತು ಕನ್ನಡಿ ಕೈಲಿ ಹಿಡ್ಕೊಳ್ಳಿ.

ಮೂರನೇದು ಫ್ಲಾಷ್. ಬಿಳಿ ಸಿಲಿಕಾ ಪೌಡರ್, ಮತ್ತೆ ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಇರೋ ಸನ್‌ಸ್ಕ್ರೀನ್ ಇವೆಲ್ಲ ಫ್ಲಾಷ್ ಬೆಳಕನ್ನ ಸೀದಾ ಕ್ಯಾಮೆರಾಗೆ ವಾಪಸ್ ಎಸೀತವೆ. ನಾನು ಮೇಕಪ್ ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರಿಗೆ ಕಣ್ಣ ಕೆಳಗೆ ಧಾರಾಳವಾಗಿ ಬಿಳಿ ಪೌಡರ್ ಒತ್ತಿ ಕಳಿಸಿದ್ದೆ, ಎದುರಿಗೆ ನೋಡೋಕೆ ಬೆಣ್ಣೆ ಥರ ಇತ್ತು, ಫೋಟೋ ಬಂದಾಗ ಎರಡೂ ಕಣ್ಣ ಕೆಳಗೆ ಎರಡು ಅರ್ಧಚಂದ್ರ. ಇವತ್ತಿಗೂ ಆ ಫೋಟೋ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಅವತ್ತಿಂದ ಮೇಕಪ್ ಮುಗಿದ ತಕ್ಷಣ ಫೋನಲ್ಲಿ ಫ್ಲಾಷ್ ಹಾಕಿ ಒಂದು ಫೋಟೋ ತೆಗೆದು ನೋಡದೇ ಯಾರನ್ನೂ ಕಳಿಸಲ್ಲ. ನೀವೂ ಹಾಗೇ ಮಾಡಿ. ಟ್ರಾನ್ಸ್‌ಲೂಸೆಂಟ್ ಅಂತ, ಅಂದ್ರೆ ಬಣ್ಣ ಇಲ್ಲದ್ದು ಅಂತ, ಬರೆದಿದ್ರೂ ಗಾಢ ಚರ್ಮದ ಮೇಲೆ ಬಿಳಿ ಬಿಡೋ ಪೌಡರ್ ಎಷ್ಟೋ ಇವೆ, ಹಳದಿ ಅಥವಾ ನಿಮ್ಮ ಬಣ್ಣದ್ದೇ ಪೌಡರ್ ತಗೊಳ್ಳಿ.

ಪ್ರಶ್ನೆ: ಡಾರ್ಕ್ ಸರ್ಕಲ್ ಮೇಲೆ ಎಷ್ಟು ಕನ್ಸೀಲರ್ ಹಾಕಿದ್ರೂ ಇಣುಕುತ್ತೆ, ಮಧ್ಯಾಹ್ನದ ಹೊತ್ತಿಗೆ ಗೆರೆಗೆರೆ ಬೇರೆ.

'ಎಷ್ಟು ಹಾಕಿದ್ರೂ' ಅನ್ನೋದ್ರಲ್ಲೇ ಉತ್ತರ ಇದೆ. ಕಪ್ಪನ್ನ ಬಿಳಿಯಿಂದ ಮುಚ್ಚೋಕೆ ಹೋದ್ರೆ ಬರೋದು ಬೂದು. ಆ ಕಪ್ಪು ಸಾಮಾನ್ಯವಾಗಿ ನೀಲಿ ಅಥವಾ ಕಂದು ಮಿಶ್ರಿತ ನೀಲಿ, ನೀಲಿಯ ಎದುರು ಬಣ್ಣ ಕಿತ್ತಳೆ, ಅದಕ್ಕೇ ಮೊದಲು ಆ ಎದುರು ಬಣ್ಣದ ಕ್ರೀಮ್, ಅಂದ್ರೆ ಕರೆಕ್ಟರ್ ಬೇಕು. ಗಾಢ ಚರ್ಮಕ್ಕೆ ಕಿತ್ತಳೆ, ತಿಳಿ ಚರ್ಮಕ್ಕೆ ಪೀಚ್. ಉಗುರಿನ ತುದಿಯಷ್ಟು ತಗೊಂಡು ಕಪ್ಪಿರೋ ಜಾಗಕ್ಕೆ ಮಾತ್ರ, ಸಾಮಾನ್ಯವಾಗಿ ಒಳ ಮೂಲೆ ಮತ್ತು ಕೆಳಗಿನ ಗುಂಡಿ, ಉಂಗುರ ಬೆರಳಲ್ಲಿ ತಟ್ಟಿ. ಅದರ ಮೇಲೆ ನಿಮ್ಮ ಚರ್ಮದ್ದೇ ಶೇಡ್ ಕನ್ಸೀಲರ್ ತೆಳ್ಳಗೆ ಇಟ್ಟು ಅರ್ಧ ನಿಮಿಷ ಮುಟ್ಬೇಡಿ, ಸ್ವಲ್ಪ ಗಟ್ಟಿಯಾದ ಮೇಲೆ ಅಂಚು ಮಾತ್ರ ಬ್ಲೆಂಡ್ ಮಾಡಿ. ಪೌಡರ್ ಹಾಕೋಕೆ ಮುಂಚೆ ಮೇಲೆ ನೋಡಿ, ಕಣ್ಣ ಕೆಳಗೆ ಆಗ್ಲೇ ಒಂದು ಗೆರೆ ಕೂತಿರುತ್ತೆ. ಅದನ್ನ ಸ್ಪಂಜಿಂದ ಒರೆಸಿ ಸಮ ಮಾಡಿ ಕೂಡ್ಲೇ ಪೌಡರ್ ಒತ್ತಿ. ಗೆರೆ ಬಿದ್ದ ಮೇಲೆ ಪೌಡರ್ ಹಾಕಿದ್ರೆ ಆ ಗೆರೆಯನ್ನೇ ಕಾಯಂ ಮಾಡಿದ ಹಾಗೆ.

ಬೇಕಿಂಗ್ ಬಗ್ಗೆ ಇನ್ನೊಬ್ಬರು ಕೇಳಿದ್ದಾರೆ, ಪೌಡರ್ ದಪ್ಪಕ್ಕೆ ಸುರಿದು ಐದತ್ತು ನಿಮಿಷ ಬಿಡೋದು. ಸ್ಟೇಜ್‌ಗೆ ಓಕೆ. ಹತ್ತಿರದಿಂದ ಮಾತಾಡೋ ಜಾಗಕ್ಕೆ, ಅದೂ 35 ದಾಟಿದವರಿಗೆ, ನಾನಂತೂ ಬೇಡ ಅಂತೀನಿ.

ಪ್ರಶ್ನೆ: ಐಲೈನರ್ ಎರಡೂ ಕಡೆ ಒಂದೇ ಥರ ಬರಲ್ಲ. ಸರಿ ಮಾಡ್ತಾ ಮಾಡ್ತಾ ದಪ್ಪ ಆಗಿ ಕೊನೆಗೆ ಒರೆಸಿ ಹಾಕ್ತೀನಿ.

ನಮ್ಮ ಎರಡು ಕಣ್ಣೇ ಒಂದೇ ಥರ ಇಲ್ಲ ಕಣ್ರೀ, ಲೈನರ್ ಹೇಗೆ ಬರುತ್ತೆ. ಒಂದು ಕಣ್ಣು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗ್ಬೇಡಿ, ಎರಡನ್ನೂ ಜೊತೆಜೊತೆಗೇ ಬೆಳೆಸಿ. ಕನ್ನಡಿಯನ್ನ ಎದುರಿಗೆ ಇಟ್ಟು ನೇರ ನೋಡ್ತಾ, ಕಣ್ಣು ತೆರೆದೇ, ಕೆಳ ರೆಪ್ಪೆಯ ಗೆರೆ ಹಾಗೇ ಮುಂದುವರೆದು ಹುಬ್ಬಿನ ತುದಿ ಕಡೆಗೆ ಹೋದ್ರೆ ಎಲ್ಲಿಗೆ ಹೋಗುತ್ತೋ ಅಲ್ಲಿ ಎರಡೂ ಕಡೆ ಒಂದೊಂದು ಚುಕ್ಕೆ ಇಡಿ. ಚುಕ್ಕೆ ಎರಡೂ ಒಂದೇ ಎತ್ತರಕ್ಕೆ ಬಂದ ಮೇಲೇ ಗೆರೆ. ಚರ್ಮ ಎಳೆದು ಹಿಡ್ಕೊಂಡು ಬರೆದ್ರೆ, ಬಿಟ್ಟ ಮೇಲೆ ಗೆರೆ ಸೊಟ್ಟ ಆಗುತ್ತೆ, ರೆಪ್ಪೆ ಮೇಲೆ ಚರ್ಮ ಮಡಚಿ ಕೂರೋ ಕಣ್ಣಿದ್ದವರಿಗಂತೂ ಪೂರ್ತಿ ಮುಚ್ಚಿಹೋಗುತ್ತೆ. ಮೊಣಕೈ ಮೇಜಿನ ಮೇಲೆ, ಕಿರುಬೆರಳು ಕೆನ್ನೆ ಮೇಲೆ ಊರಿ, ಒಂದೇ ಎಳೆತಕ್ಕೆ ಆಸೆ ಪಡ್ದೆ ಪುಟ್ಟ ಪುಟ್ಟ ಗೆರೆ ಜೋಡಿಸಿ. ತಪ್ಪಾದ್ರೆ ಮೇಲೆ ಇನ್ನಷ್ಟು ಬಳೀಬೇಡಿ, ಚೂಪು ತುದಿ ಇರೋ ಹತ್ತಿ ಕಡ್ಡಿಗೆ ಮೈಸೆಲ್ಲರ್ ವಾಟರ್ (ಮೇಕಪ್ ತೆಗೆಯೋ ನೀರು) ಹಚ್ಚಿ ಕೆಳಗಿಂದ ಮೇಲಕ್ಕೆ ಒಂದು ಸಲ ಎಳೆಯಿರಿ, ಅಂಚು ಬ್ಲೇಡ್ ಥರ ಬರುತ್ತೆ. ನಮ್ಮಂಥವರ 'ನೀಟ್' ಲೈನರ್ ಅರ್ಧ ಬರೆದಿದ್ದಲ್ಲ, ಒರೆಸಿದ್ದು.

ಪ್ರಶ್ನೆ: ಕಾಜಲ್ ಹರಡದೇ ಇರೋಕೆ?

ಕಣ್ಣ ಕೆಳಗಿನ ಕ್ರೀಮ್, ಎಣ್ಣೆ ಒರೆಸಿ ಒಣಗಿಸಿ, ಕಾಜಲ್ ರೆಪ್ಪೆ ಬುಡದ ಹೊರಗಡೆಗೆ ಹಚ್ಚಿ, ಅದೇ ಬಣ್ಣದ ಐಶ್ಯಾಡೋ ಸಣ್ಣ ಬ್ರಷ್‌ನಲ್ಲಿ ಮೇಲೆ ಒತ್ತಿ. ಒಳ ಅಂಚಿಗೆ ಹಚ್ಚಿದ್ದು ಕಣ್ಣೀರಲ್ಲಿ ಕರಗೇ ಕರಗುತ್ತೆ, ಅಲ್ಲಿರೋ ಎಣ್ಣೆ ಗ್ರಂಥಿಗಳ ಬಾಯೂ ಮುಚ್ಚುತ್ತೆ. ಲೆನ್ಸ್ ಹಾಕೋರಾದ್ರೆ ಒಳ ಅಂಚು ಬೇಡ್ವೇ ಬೇಡ. ಲೆನ್ಸ್ ಮೊದಲು ಆಮೇಲೆ ಮೇಕಪ್, ತೆಗೆಯೋವಾಗ್ಲೂ ಲೆನ್ಸ್ ಮೊದಲು.

ಪ್ರಶ್ನೆ: ಬ್ಲಶ್ ಹಾಕಿದ್ರೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗೆ ಕಾಣ್ತೀನಿ ಅಂತ ತಂಗಿ ನಗ್ತಾಳೆ.

ನಕ್ಕು ಕೆನ್ನೆ ಉಬ್ಬಿಸಿ ಅಲ್ಲೇ ಹಚ್ತೀರ ಅಲ್ವಾ? ನಗು ನಿಲ್ಲಿಸಿದ ಮೇಲೆ ಅದು ಒಂದು ಬೆರಳು ಕೆಳಗಿಳಿಯುತ್ತೆ, ಮುಖಾನೇ ಜೋತುಬಿದ್ದ ಹಾಗೆ. ನಗದೇ, ಕೆನ್ನೆ ಮೂಳೆ ಮೇಲಿಂದ ಕಿವಿಯ ಕಡೆಗೆ ಹಚ್ಚಿ, ಮೂಗಿನಿಂದ ಎರಡು ಬೆರಳು ದೂರ ಇರಲಿ. ಬ್ರಷ್‌ನ ಮೊದಲ ಸ್ಪರ್ಶದಲ್ಲೇ ಜಾಸ್ತಿ ಬಣ್ಣ ಬೀಳೋದು, ಹಾಗಾಗಿ ಮೊದಲು ಟಿಶ್ಯೂ ಮೇಲೆ ಕೊಡವಿ. ಕ್ರೀಮ್ ಬ್ಲಶ್ ಆದ್ರೆ ಪೌಡರ್‌ಗೆ ಮುಂಚೆ, ಪೌಡರ್ ಬ್ಲಶ್ ಆದ್ರೆ ಪೌಡರ್ ಆದ ಮೇಲೆ. ಉಲ್ಟಾ ಮಾಡಿದ್ರೆ ತೇಪೆ. ಈಗಾಗ್ಲೇ ಜಾಸ್ತಿ ಆಗಿದ್ಯಾ, ಫೌಂಡೇಶನ್ ಉಳಿದಿರೋ ಅದೇ ಸ್ಪಂಜಿಂದ ಮೇಲೆ ತಟ್ಟಿ, ತಂಗಿಗೆ ಕಾಣ್ಸಲ್ಲ.

ಪ್ರಶ್ನೆ: ನಾನು ಗಂಡಸು, ಕ್ಯಾಮೆರಾ ಮುಂದೆ ಪಾಠ ಮಾಡ್ತೀನಿ. ಹಣೆ, ಮೂಗು ಹೊಳೆಯುತ್ತೆ. ಮೇಕಪ್ ಅಂತ ಗೊತ್ತಾಗ್ಬಾರ್ದು.

ಫೌಂಡೇಶನ್ ಬಿಟ್ಟುಬಿಡಿ, ಗಡ್ಡದ ಕೂದಲಿಗೆ ಅಂಟಿ ಸಿಕ್ಕಿಬೀಳ್ತೀರ. ಮೊದಲು ಬ್ಲಾಟಿಂಗ್ ಪೇಪರ್ ಇಲ್ಲಾ ಟಿಶ್ಯೂ ಒತ್ತಿ ಎಣ್ಣೆ ತೆಗೀರಿ, ಎಣ್ಣೆ ಮೇಲೇ ಪೌಡರ್ ಹಾಕಿದ್ರೆ ಹಿಟ್ಟು ಕಲಸಿದ ಹಾಗೆ ಆಗುತ್ತೆ. ಆಮೇಲೆ ನಿಮ್ಮ ಬಣ್ಣದ ಪೌಡರ್ ಹಣೆ, ಮೂಗು, ಗಲ್ಲಕ್ಕೆ ಮಾತ್ರ. ತಲೆ ಮುಂದೆ ಕೂದಲು ಕಮ್ಮಿ ಇದ್ರೆ ಅಲ್ಲಿಗೂ ಸ್ವಲ್ಪ, ಎಲ್ಲರೂ ಮರೆಯೋ ಜಾಗ ಅದು. ಲೈಟ್ ಮುಂದೆ ಒಂದು ತೆಳು ಬಿಳಿ ಬಟ್ಟೆ ಅಡ್ಡ ಇಟ್ರೆ ಅರ್ಧ ಹೊಳಪು ಅದರಲ್ಲೇ ಹೋಗುತ್ತೆ, ಬಟ್ಟೆ ಬಲ್ಬ್‌ಗೆ ತಾಗದ ಹಾಗೆ ನೋಡ್ಕೊಳ್ಳಿ.

ಪ್ರಶ್ನೆ: 24 ಬ್ರಷ್ ಸೆಟ್ ತಗೊಂಡೆ, ನಾಲ್ಕು ಬಿಟ್ರೆ ಯಾವ್ದೂ ಮುಟ್ಟಿಲ್ಲ. ಉಳಿದವು ಯಾತಕ್ಕೆ?

ಡಬ್ಬ ತುಂಬೋಕೆ. ನಿಮ್ಮ ನಾಲ್ಕು ಸಾಕು, ಆದ್ರೆ ಅವನ್ನ ಯಾವಾಗ ತೊಳೆದ್ರಿ? ಕಲೆಕಲೆ ಬ್ಲೆಂಡ್‌ಗೆ ಅರ್ಧ ಕಾರಣ ಹಳೇ ಬಣ್ಣ ಮೆತ್ತಿರೋ ಬ್ರಷ್. ಫೌಂಡೇಶನ್ ಬ್ರಷ್, ಸ್ಪಂಜ್ ವಾರಕ್ಕೊಂದು ಸಲವಾದ್ರೂ ಮೈಲ್ಡ್ ಶಾಂಪೂ ಹಾಕಿ ತೊಳೀರಿ. ಕೂದಲು ಕೆಳಮುಖ ಇರ್ಬೇಕು, ಲೋಹದ ಪಟ್ಟಿ ಒಳಗೆ ನೀರು ಹೋದ್ರೆ ಅಂಟು ಬಿಟ್ಟು ಕೂದಲು ಉದುರುತ್ತೆ. ನಿಲ್ಲಿಸಿ ಒಣಗಿಸ್ಬೇಡಿ, ಮಲಗಿಸಿ, ತಲೆ ಭಾಗ ಮೇಜಿನ ಅಂಚಿಂದ ಆಚೆ ಇರಲಿ. ಹಾಗೇ ಮಸ್ಕಾರಾ ತೆಗೆದು ಮೂರು ತಿಂಗಳು ದಾಟಿದ್ರೆ ಅದನ್ನ ಎಸೆದುಬಿಡಿ, ಕಡ್ಡಿ ಮಾತ್ರ ತೊಳೆದಿಟ್ಕೊಳ್ಳಿ, ಹುಬ್ಬು ಬಾಚೋಕೆ ಅದಕ್ಕಿಂತ ಒಳ್ಳೇ ಬ್ರಷ್ ಆ 24ರಲ್ಲೂ ಇರಲ್ಲ.