ಅಕ್ಕನ ಬಿಎಡ್ ನೋಟ್ಸ್ ಸಾಕಾ?

ಪ್ರಶ್ನೆ: ಮೇಡಂ ನಮಸ್ಕಾರ. ನನಗೆ ಈ ವರ್ಷ ಗಂಡನ ಹತ್ರ ಅಮೆರಿಕಕ್ಕೆ ಹೋಗ್ಲಿಕ್ಕುಂಟು, ಅಲ್ಲಿ ಕಾಲೇಜು ಸೇರ್ಬೇಕು ಅಂತ ಆಸೆ. ಎಜುಕೇಶನಲ್ ಸೈಕಾಲಜಿಯ ಕ್ಲೆಪ್ ಪರೀಕ್ಷೆ ಪಾಸಾದ್ರೆ ಕ್ಲಾಸಿಗೆ ಕೂರದೇ ಡಿಗ್ರಿಗೆ ಬೇಕಾದ ಕ್ರೆಡಿಟ್ ಸಿಗ್ತದಂತೆ. ಅಕ್ಕನ ಬಿಎಡ್ ನೋಟ್ಸ್ ಉಂಟು, ಅದನ್ನೇ ಬಾಯಿಪಾಠ ಮಾಡಿದ್ರೆ ಸಾಕಾ?
– ಹೆಸರು ಬೇಡ, ಕಾಪು

ಉತ್ತರ: ನೋಟ್ಸ್ ಇರ್ಲಿ, ಬಾಯಿಪಾಠ ಮಾತ್ರ ಅಲ್ಲಿ ನಡೆಯುದಿಲ್ಲ. ನಮ್ಮ ಬಿಎಡ್ ಪೇಪರಲ್ಲಿ ಮಕ್ಕಳ ಬುದ್ಧಿ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ಹಂತಗಳನ್ನು ವಿವರಿಸಿ ಅಂತ ಬರ್ತದೆ, ನಾಲ್ಕು ಪುಟ ಗೀಚಿದ್ರೆ ಮಾರ್ಕು. ಇದು ಹಾಗಲ್ಲ, ಸುಮಾರು 100 ಬಹುಆಯ್ಕೆ ಪ್ರಶ್ನೆ, 90 ನಿಮಿಷ, ಸುಮಾರು ಪ್ರಶ್ನೆಗಳಲ್ಲಿ ಕ್ಲಾಸಿನ ಒಂದು ಸನ್ನಿವೇಶ ಕೊಟ್ಟು ಇದೆಂತ ಅಂತ ಕೇಳುದು.

ಉದಾಹರಣೆಗೆ, ಐದೂ ಲೆಕ್ಕ ಇಲ್ಲೇ ಮುಗಿಸಿದವರಿಗೆ ಇವತ್ತು ಹೋಂವರ್ಕ್ ಇಲ್ಲ ಅಂತ ಟೀಚರ್ ಹೇಳಿದ್ರು, ಮಕ್ಕಳು ಗಡಿಬಿಡಿಯಲ್ಲಿ ಲೆಕ್ಕ ಮಾಡ್ಲಿಕ್ಕೆ ಶುರು ಮಾಡಿದ್ರು. ಇದು ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್, ಬೇಡದ್ದನ್ನು ತೆಗೆದು ಕೆಲಸ ಹೆಚ್ಚು ಮಾಡಿಸುದು. ನೆಗೆಟಿವ್ ಅಂತ ನೋಡಿದ ಕೂಡ್ಲೇ ಶಿಕ್ಷೆ ಅಂತ ಟಿಕ್ ಹಾಕಿದ್ರೆ ಹೋಯ್ತು, ಯಾಕಂದ್ರೆ ಶಿಕ್ಷೆ ಅಂದ್ರೆ ಒಂದು ವರ್ತನೆಯನ್ನು ಕಡಿಮೆ ಮಾಡಿಸುದು. ಎಷ್ಟೋ ಜನ ಎಡವುದು ಇಲ್ಲೇ.

ಹಾಗಾಗಿ ಒಂದೊಂದು ಪರಿಕಲ್ಪನೆಗೂ ನಿಮ್ಮ ಕಣ್ಣೆದುರಿನ ಒಂದು ಉದಾಹರಣೆ ಬರ್ಕೊಳ್ಳಿ. ನಾಲ್ಕೈದು ವರ್ಷದ ಮಗು ಮನೆ ಹತ್ರ ಇದ್ರೆ ಅಗಲ ಬಟ್ಟಲಿನ ಬೊಂಡದ ನೀರನ್ನು ಅದರ ಎದುರೇ ಉದ್ದ ಲೋಟಕ್ಕೆ ಹೊಯ್ದು ನೋಡಿ, ಜಾಸ್ತಿ ಆಯ್ತು ಅಂತ ಹೇಳಿದ್ರೆ ಪಿಯಾಜೆಯ ಕನ್ಸರ್ವೇಶನ್ (ಪಾತ್ರೆ ಬದಲಾದ್ರೂ ಪ್ರಮಾಣ ಅಷ್ಟೇ ಅಂತ ತಿಳಿಯುದು, ಆ ಮಗುವಿಗೆ ಅದು ಇನ್ನೂ ಬಂದಿಲ್ಲ) ಮತ್ತೆ ಜನ್ಮದಲ್ಲಿ ಮರೆಯುದಿಲ್ಲ. ಯಕ್ಷಗಾನ ಕಲಿಸುವ ಗುರುಗಳು ಮೊದಲು ಜೊತೆಗೇ ಹೆಜ್ಜೆ ಹಾಕಿ, ಆಮೇಲೆ ಬಾಯಲ್ಲಿ ತಾಳ ಮಾತ್ರ ಹೇಳಿ, ಕೊನೆಗೆ ಸುಮ್ಮನೆ ಕೂತು ನೋಡ್ತಾರಲ್ಲ, ಅದು ಸ್ಕ್ಯಾಫೋಲ್ಡಿಂಗ್, ಅಂದ್ರೆ ಆಸರೆ ಕೊಟ್ಟು ಮೆಲ್ಲ ತೆಗೆಯುದು, ಮನಃಶಾಸ್ತ್ರಜ್ಞ ವೈಗೋಟ್‌ಸ್ಕಿ ಎಂಬವರ ಸಿದ್ಧಾಂತದ ಜೊತೆ ಓದಿ. ರ‍್ಯಾಂಕ್ ಕೊಡುದು, ಅಂದ್ರೆ ಉಳಿದವರ ಜೊತೆ ಹೋಲಿಸುದು, ನಾರ್ಮ್ ರೆಫರೆನ್ಸ್‌ಡ್, ಆರ್‌ಟಿಓ ಡ್ರೈವಿಂಗ್ ಟೆಸ್ಟಿನ ಹಾಗೆ ಇಂತಿಷ್ಟು ಬರ್ತದಾ ಅಂತ ಮಾತ್ರ ನೋಡುದು ಕ್ರೈಟೀರಿಯನ್ ರೆಫರೆನ್ಸ್‌ಡ್. ಈ ಪರೀಕ್ಷಾ ಮಾಪನದ ಭಾಗ ಬೋರು ಅಂತ ಬಿಡ್ಬೇಡಿ, ಅದಕ್ಕೂ ವೈಯಕ್ತಿಕ ಭಿನ್ನತೆಗೂ ತುಂಬ ಪ್ರಶ್ನೆ ಉಂಟು. ನೋಟ್ಸಲ್ಲಿ ನಮ್ಮ ದೇಶದ ಶಿಕ್ಷಣದ ಕೊಠಾರಿ ಆಯೋಗ ಇದ್ರೆ ಆ ಪುಟ ಹಾರಿಸಿ, ಅಲ್ಲಿ ಯಾರೂ ಕೇಳುದಿಲ್ಲ.

ತಪ್ಪು ಉತ್ತರಕ್ಕೆ ಮಾರ್ಕು ಕಳೆಯುದಿಲ್ಲ, ಗೊತ್ತಿಲ್ಲದ್ದಕ್ಕೂ ಒಂದು ಟಿಕ್ ಹಾಕಿಯೇ ಬನ್ನಿ. ಸ್ಕೋರು 20ರಿಂದ 80ರವರೆಗೆ, 50 ಬಂದ್ರೆ 3 ಕ್ರೆಡಿಟ್ ಕೊಡ್ಬಹುದು ಅಂತ ಶಿಫಾರಸು, ಆದ್ರೆ ಕೊಡುದು ಬಿಡುದು ಆಯಾ ಕಾಲೇಜಿಗೆ ಬಿಟ್ಟದ್ದು. ಹಾಗಾಗಿ ನೀವು ಸೇರುವ ಕಾಲೇಜು ಇದನ್ನು ಒಪ್ತದಾ, ಎಷ್ಟು ಸ್ಕೋರು ಬೇಕು ಅಂತ ಗಂಡನ ಹತ್ರ ಹೇಳಿ ಮೊದಲು ಇಮೇಲಲ್ಲಿ ಕೇಳಿಸಿ, ಫೀಸು ಆಮೇಲೆ ಕಟ್ಟಿ.