ಕೊಟ್ಟಿಗೆಯಲ್ಲಿ ನಿಂತ ಲ್ಯಾಂಬ್ರೆಟ್ಟಾ

ಪ್ರಶ್ನೆ: ದೊಡ್ಡಪ್ಪನವರ ಲ್ಯಾಂಬ್ರೆಟ್ಟಾ ಸ್ಕೂಟರ್ ಹತ್ತಾರು ಮಳೆಗಾಲಗಳಿಂದ ಅಡಿಕೆ ಚೀಲಗಳ ಪಕ್ಕದಲ್ಲಿ ನಿಂತಿದೆ, ಕಿಕ್ಕರ್ ಅಲುಗುವುದೇ ಇಲ್ಲ. ಮನೆಯಲ್ಲಿಯೇ ದುರಸ್ತಿ ಮಾಡಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಾಡಬಹುದು. ಆದರೆ ಮೊದಲು ಕಿಕ್ಕರ್ ಮೇಲೆ ನಿಂತು ಒದೆಯುವುದನ್ನು ನಿಲ್ಲಿಸಿರಿ. ಮಲೆನಾಡಿನ ತೇವಕ್ಕೆ ಪಿಸ್ಟನ್ನಿನ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಈ ಸ್ಕೂಟರಿನ ಸಿಲಿಂಡರ್ ಅಡ್ಡಲಾಗಿ ಮಲಗಿರುವುದರಿಂದ, ಮುಂಚಕ್ರವನ್ನು ಎತ್ತರಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದೊಳಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರಕೆಯನ್ನು ಸಿರಿಂಜಿನಿಂದ ಬಿಟ್ಟು, ನಾಲ್ಕೈದು ದಿನ ತಾಳ್ಮೆಯಿಂದಿದ್ದು, ಅನಂತರ ಫ್ಲೈವೀಲನ್ನು (ಎಂಜಿನ್ನಿನೊಡನೆ ತಿರುಗುವ ಭಾರವಾದ ಚಕ್ರ) ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಆಡಿಸಿರಿ.

ಬಿಡಿಸಿಕೊಂಡಿತೆಂದು ಕೂಡಲೇ ಓಡಿಸಬೇಡಿ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಆಯಿಲ್ ಸೀಲ್, ಅಂದರೆ ರಬ್ಬರಿನ ತಡೆಬಳೆ, ಒಣಗಿ ಬಿರಿದಿದ್ದರೆ ಹೊರಗಿನ ಗಾಳಿ ಒಳನುಗ್ಗಿ, ಪೆಟ್ರೋಲಿನ ಪಾಲು ಕಡಿಮೆಯಾಗಿ, ಎಂಜಿನ್ ಕಾದು ಮತ್ತೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಸೀಲ್ ಬದಲಿಸಲು ಫ್ಲೈವೀಲ್ ತೆಗೆಯುವಾಗ ಅದನ್ನು ಎಳೆದು ಬಿಡಿಸುವ ಸಾಧನವಾದ ಪುಲ್ಲರನ್ನೇ ಬಳಸಿರಿ. ಸುತ್ತಿಗೆಯಿಂದ ಹೊಡೆದು ಅದನ್ನು ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಬಿಡಿಭಾಗಗಳ ಚಿಂತೆ ಅಷ್ಟಾಗಿ ಬೇಡ. 1947ರಲ್ಲಿ ಲ್ಯಾಂಬ್ರೆಟ್ಟಾವನ್ನು ಹೊರತಂದ ಮಿಲಾನಿನ ಇನ್ನೋಸೆಂಟಿ ಕಾರ್ಖಾನೆಯ ಯಂತ್ರಗಳು ಮುಂದೆ ಲಖನೌಗೆ ಬಂದು, ಅಲ್ಲಿ ಅದೇ ಬಗೆಯ ವಿಜಯ್ ಸೂಪರ್ ಸ್ಕೂಟರ್ ತಯಾರಾಯಿತು. ಆದರೂ ಮಾದರಿಗಳು ಹಲವು, ಆದ್ದರಿಂದ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಶಿವಮೊಗ್ಗದ ಅಂಗಡಿಗೆ ಹೋಗಿರಿ. ಎಥೆನಾಲ್ ಬೆರೆತ ಇಂದಿನ ಪೆಟ್ರೋಲ್ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಓಡಿಸದಿದ್ದರೆ ಟ್ಯಾಂಕ್ ಬರಿದು ಮಾಡಿ, ಒಳಗೆ ತುಸು ಆಯಿಲ್ ಸವರಿಡಿ.